ಊರಿನ ಮಕ್ಕಳ ಕೈಗೆ ಮದ್ಯ ಸಿಗದಂತೆ ಮಾಡುವುದು ಹೇಗೆ: ಹಳ್ಳಿಗೂ ವಾರ್ಡಿಗೂ ಒಂದು ಸಮಗ್ರ ಮಾರ್ಗದರ್ಶಿ

ನಮ್ಮೂರ ಹೈಸ್ಕೂಲಿನ ಹಿಂದೆ ಒಂದು ಹೊಂಗೆ ಮರ ಇದೆ. ಒಂದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆ, ಅದರ ಬುಡದಲ್ಲಿ ಬಿದ್ದಿದ್ದನ್ನೆಲ್ಲ ಎಣಿಸಿದೆ. 90 ಎಂಎಲ್‌ನ ಖಾಲಿ ಪ್ಯಾಕೆಟ್ ಏಳು, ಹರಿದ ನೀರಿನ ಪೌಚ್ ಐದು, ಪ್ಲಾಸ್ಟಿಕ್ ಲೋಟ ನಾಲ್ಕು, ಖಾರಾ ಮಿಕ್ಸ್‌ಚರ್ ಹರವಿಕೊಂಡಿದ್ದ ಒಂದು ಹಾಳೆ. ಹಾಳೆ ತಿರುಗಿಸಿದರೆ ಬೀಜಗಣಿತದ ಲೆಕ್ಕ, ಕೆಳಗೆ ಮೇಷ್ಟ್ರ ಕೆಂಪು ಟಿಕ್ಕು.

ನಾನು ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯಲ್ಲಿ. ಮುಂದಿನ ವಾರವೇ ಡಾಕ್ಟರೊಬ್ಬರನ್ನು ಕರೆಸಿ ಭಾಷಣ ಮಾಡಿಸಿದೆವು. ಕೆಟ್ಟುಹೋದ ಲಿವರ್‌ನ ಚಿತ್ರ ತೋರಿಸಿದರು, ಮಕ್ಕಳು ಕೈ ಚಾಚಿ ಪ್ರತಿಜ್ಞೆ ಮಾಡಿದರು, ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಯಿತು. ಅದರ ಮರು ಸೋಮವಾರ ಮರದ ಬುಡದಲ್ಲಿ ಪ್ಯಾಕೆಟ್ ಒಂಬತ್ತು.

ಆಮೇಲೆ ನಾವು ಕಲಿತದ್ದು ಇಷ್ಟು. ಮಕ್ಕಳಿಗೆ ಬುದ್ಧಿ ಹೇಳುವ ಮುಂಚೆ ಆ ಪ್ಯಾಕೆಟ್ ಅವರ ಕೈಗೆ ಬಂದ ದಾರಿಯನ್ನು ಹುಡುಕಬೇಕು. ಆ ದಾರಿಯುದ್ದಕ್ಕೂ ನಿಂತಿರುವವರು ದೊಡ್ಡವರೇ: ಮಾರಿದವರು, ತರಲು ಕಳಿಸಿದವರು, ಮದುವೆ ಮನೆಯಲ್ಲಿ ಲೋಟಕ್ಕೆ ಬಗ್ಗಿಸಿಕೊಟ್ಟವರು, ನೋಡಿಯೂ ಸುಮ್ಮನೆ ಹೋದವರು. ಆದ್ದರಿಂದ ಈ ಮಾರ್ಗದರ್ಶಿ ದೊಡ್ಡವರಿಂದಲೇ ಶುರುವಾಗುತ್ತದೆ. ತರಗತಿಯ ಪಾಠ ನಡುವಿನಲ್ಲಿ ಬರುತ್ತದೆ.

ಹೆಜ್ಜೆ 1: ಊರನ್ನು ಒಮ್ಮೆ ಕಣ್ಣುಬಿಟ್ಟು ನೋಡಿ

ಮೂರು ನಾಲ್ಕು ಜನ ಸೇರಿ ಊರು ಸುತ್ತಿ. ಒಬ್ಬ ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಒಬ್ಬರು, ಒಬ್ಬ ಮೇಷ್ಟ್ರು ಇದ್ದರೆ ಸಾಕು. ಸೋಮವಾರ ಬೆಳಿಗ್ಗೆ ಒಮ್ಮೆ, ಶನಿವಾರ ಸಂಜೆ ಏಳರ ನಂತರ ಒಮ್ಮೆ. ಶಾಲೆಯ ಹಿಂದೆ, ಕೆರೆ ಏರಿ, ಅರ್ಧಕ್ಕೆ ನಿಂತ ಕಟ್ಟಡ, ಬಸ್ ಸ್ಟ್ಯಾಂಡಿನ ಹಿಂಭಾಗ, ಪಂಪ್‌ಸೆಟ್ ಮನೆ, ಇವೆಲ್ಲ ನೋಡಿ. ನಗರದ ವಾರ್ಡಾದರೆ ಟೆರೇಸು, ಪಾರ್ಕು, ಪಿಜಿಗಳ ಮುಂದಿನ ರಸ್ತೆ. ಎಲ್ಲಿ, ಏನು, ಎಷ್ಟು ಎಂದು ಒಂದು ಉದ್ದ ನೋಟ್ ಪುಸ್ತಕದಲ್ಲಿ ಬರೆಯಿರಿ. ಯಾರನ್ನೂ ಹಿಡಿಯಲು ಹೋಗಬೇಡಿ, ಫೋಟೊದಲ್ಲಿ ಮಕ್ಕಳ ಮುಖ ಬೀಳಬಾರದು.

ಎರಡನೆಯದು ಹೆಸರಿಲ್ಲದ ಚೀಟಿ. ಎಂಟು, ಒಂಬತ್ತು, ಹತ್ತನೇ ತರಗತಿಯ ಹುಡುಗರು ಹುಡುಗಿಯರು ಎಲ್ಲರಿಗೂ ಒಂದೇ ಬಣ್ಣದ ಹಾಳೆ, ಒಂದೇ ಥರದ ಪೆನ್ನು ಕೊಡಿ. ಹೆಡ್‌ಮಾಸ್ಟರ ಒಪ್ಪಿಗೆ ಬೇಕು, ಪೋಷಕರಿಗೆ ಮೊದಲೇ ತಿಳಿಸಿರಬೇಕು, ಬರೆಯಲು ಇಷ್ಟವಿಲ್ಲದ ಮಗು ಖಾಲಿ ಹಾಳೆ ಮಡಚಿ ಹಾಕಲಿ. ಅಕ್ಷರದಲ್ಲಿ ಗುರುತು ಸಿಗದಂತೆ ಬರೀ ಟಿಕ್ ಹಾಕುವ ಪ್ರಶ್ನೆಗಳಿರಲಿ. ನಾವು ಕೇಳಿದ ಐದು: ಈವರೆಗೆ ಒಂದು ಗುಟುಕಾದರೂ ಕುಡಿದಿದ್ದೀಯಾ? ಮೊದಲ ಸಲ ಕುಡಿದಾಗ ಎಷ್ಟು ವಯಸ್ಸು? ಎಲ್ಲಿಂದ ಸಿಕ್ಕಿತು (ಮನೆ, ಅಂಗಡಿ, ಸ್ನೇಹಿತರು, ಮದುವೆ–ಹಬ್ಬ)? ದೊಡ್ಡವರು ಯಾರಾದರೂ ಮದ್ಯ ತರಲು ನಿನ್ನನ್ನು ಕಳಿಸಿದ್ದಾರಾ? ನಿನ್ನ ವಯಸ್ಸಿನ ಹತ್ತು ಜನರಲ್ಲಿ ಎಷ್ಟು ಜನ ಕುಡಿಯುತ್ತಾರೆ ಅಂತ ನಿನಗನ್ನಿಸುತ್ತೆ?

ಆ ಹೊತ್ತಿನಲ್ಲಿ ಕ್ಲಾಸ್ ಟೀಚರ್ ಹೊರಗಿರಲಿ. ಚೀಟಿ ಡಬ್ಬಿಗೆ ಬೀಳಲಿ, ಎಣಿಸಿದ ಮೇಲೆ ಸುಟ್ಟುಬಿಡಿ. ಹತ್ತು ಹನ್ನೆರಡು ಮಕ್ಕಳಿರುವ ಸಣ್ಣ ತರಗತಿಗಳಾದರೆ ಮೂರನ್ನೂ ಬೆರೆಸಿಯೇ ಎಣಿಸಿ, ಇಲ್ಲವಾದರೆ ಯಾರು ಬರೆದದ್ದೆಂದು ಊಹಿಸಿಬಿಡುತ್ತಾರೆ. ಬಂದ ಅಂಕಿಯನ್ನು ಶಾಲೆಯ ಹೆಸರಿನೊಂದಿಗೆ ಪೇಪರಿಗೆ ಕೊಡಬೇಡಿ. ಮರ್ಯಾದೆ ಹೋಯಿತೆಂದರೆ ಮುಂದಿನ ವರ್ಷ ಯಾವ ಶಾಲೆಯೂ ಬಾಗಿಲು ತೆಗೆಯುವುದಿಲ್ಲ.

ನಮ್ಮಲ್ಲಿ ಎದ್ದು ಕಂಡದ್ದು ನಾಲ್ಕನೇ ಪ್ರಶ್ನೆ. ಕುಡಿದಿದ್ದೇವೆ ಎಂದವರಿಗಿಂತ "ತರಲು ಕಳಿಸಿದ್ದಾರೆ" ಎಂದವರೇ ಹೆಚ್ಚಿದ್ದರು. ಅಪ್ಪ, ಚಿಕ್ಕಪ್ಪ, ಪಕ್ಕದ ಮನೆ ಅಣ್ಣ. "ಲೇ ಮಗ, ಓಡೋಗಿ ಒಂದ್ ಕ್ವಾರ್ಟರ್ ತಗಂಬಾ, ಚಿಲ್ಲರೆ ನೀನೇ ಇಟ್ಕೊ." ಆ ಚಿಲ್ಲರೆಯಲ್ಲಿ ಮಗು ಮೊದಲು ಚಾಕೊಲೇಟ್ ಕೊಳ್ಳುತ್ತದೆ. ಅಂಗಡಿಯವನಿಗೆ ಮುಖ ಪರಿಚಯವಾಗುತ್ತದೆ. ಎರಡು ವರ್ಷದ ನಂತರ ಅದೇ ಹುಡುಗ ಅದೇ ಅಂಗಡಿಗೆ ಹೋಗಿ ತನಗೇ ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಹೆಜ್ಜೆ 2: ತಂಡ ಕಟ್ಟಿ

ಎಂಟು ಹತ್ತು ಜನ ಸಾಕು. ಮೇಷ್ಟ್ರು, ಆಶಾ, ಅಂಗನವಾಡಿ ಕಾರ್ಯಕರ್ತೆ, ಸಂಘದ ಹೆಣ್ಣುಮಕ್ಕಳು, ಯುವಕ ಸಂಘದ ಒಬ್ಬಿಬ್ಬರು, ಆಟೊ ಓಡಿಸುವವರೊಬ್ಬರು. ಕುಡಿತ ಬಿಟ್ಟು ನಾಲ್ಕೈದು ವರ್ಷವಾದ ಒಬ್ಬರು ಇರಲೇಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟು ಬಂದವರು ಎಷ್ಟೋ ಊರುಗಳಲ್ಲಿದ್ದಾರೆ, ಅವರನ್ನು ಕೇಳಿ. ಚುನಾವಣೆಗೆ ನಿಲ್ಲುವ ಆಸೆಯಿರುವವರನ್ನು ಮುಂದಾಳು ಮಾಡಬೇಡಿ. ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿಗೆ ಮತ್ತು ಪಿಡಿಒಗೆ ತಂಡದ ವಿಷಯ ಬರಹದಲ್ಲಿ ತಿಳಿಸಿ. ತಿಂಗಳಿಗೊಮ್ಮೆ ಸೇರಿ, ಸಭೆಗೆ ಒಂದು ಗಂಟೆಗಿಂತ ಹೆಚ್ಚು ಬೇಡ.

ಹೆಜ್ಜೆ 3: ಕಾನೂನು ಗೊತ್ತಿರಲಿ, ಅಂಗಡಿಯವರ ಹತ್ತಿರ ಮಾತಾಡಿ

ಕರ್ನಾಟಕದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಟಿತ್ತು. ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು.

ಇದಕ್ಕಿಂತ ಬಿಗಿಯಾದದ್ದು 2015ರ ಬಾಲನ್ಯಾಯ ಕಾಯ್ದೆ. ಅದರ 77ನೇ ಕಲಮಿನ ಪ್ರಕಾರ, ವೈದ್ಯರ ಸೂಚನೆಯಿಲ್ಲದೆ 18ರೊಳಗಿನ ಮಗುವಿಗೆ ಮದ್ಯ ಕೊಟ್ಟರೆ ಅಥವಾ ಕೊಡಿಸಿದರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. 78ನೇ ಕಲಮು ಮದ್ಯ ಮಾರಲು, ಹೊರಲು, ಸಾಗಿಸಲು ಮಗುವನ್ನು ಬಳಸುವುದಕ್ಕೆ ಅಷ್ಟೇ ಶಿಕ್ಷೆ ಹೇಳುತ್ತದೆ. "ಕೊಟ್ಟರೆ" ಎಂದರೆ ಅಂಗಡಿಯವನೇ ಆಗಬೇಕಿಲ್ಲ, ಹಬ್ಬದ ದಿನ ಗುಟುಕು ಕುಡಿಸುವ ಮಾವನೂ ಅದರಲ್ಲಿ ಬರುತ್ತಾನೆ. ಈ ಎರಡು ಕಲಮುಗಳನ್ನು ದೊಡ್ಡ ಅಕ್ಷರದಲ್ಲಿ ಪಂಚಾಯಿತಿ ಬೋರ್ಡಿನಲ್ಲಿ, ಹಾಲಿನ ಡೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಅಂಟಿಸಿ. ಡೇರಿಯಷ್ಟು ಜನ ಓದುವ ಗೋಡೆ ಹಳ್ಳಿಯಲ್ಲಿ ಇನ್ನೊಂದಿಲ್ಲ.

ಆಮೇಲೆ ಅಂಗಡಿ. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆದರೆ ಪರವಾನಗಿಯಿಲ್ಲದ ಮಾರಾಟ ಗೂಡಂಗಡಿ, ಕಿರಾಣಿ ಅಂಗಡಿಗಳ ಒಳಗೆ ಸೇರಿಕೊಂಡಿದೆ. ಮೊದಲು ಇಬ್ಬರು ಹೋಗಿ, ಜಗಳವಿಲ್ಲದೆ ಮಾತಾಡಿ. "ಅಣ್ಣ, ನಿಮ್ಮ ವ್ಯಾಪಾರಕ್ಕೆ ಕಲ್ಲು ಹಾಕಕ್ಕೆ ಬಂದಿಲ್ಲ, ಮಕ್ಕಳ ಕೈಗೆ ಕೊಡಬೇಡಿ ಅಂತ ಕೇಳಕ್ಕೆ ಬಂದಿದೀವಿ" ಎಂದಾಗ ಪರವಾನಗಿ ಇರುವ ಅಂಗಡಿಯವರಲ್ಲಿ ಹಲವರು ಒಪ್ಪುತ್ತಾರೆ. ಗುರುತಿನ ಚೀಟಿ ಕೇಳುವ ಬೋರ್ಡು ಹಾಕಿಸಿ. ಒಪ್ಪದಿದ್ದರೆ ತಾಲ್ಲೂಕಿನ ಅಬಕಾರಿ ಕಚೇರಿಗೆ ಲಿಖಿತ ದೂರು ಕೊಡಿ. ಪೊಲೀಸ್ ಠಾಣೆಗೂ ತಹಶೀಲ್ದಾರರಿಗೂ ಪ್ರತಿ ಇರಲಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂಬ ನಿಯಮವಿದೆ, ಅನುಮಾನವಿದ್ದರೆ ಅಳತೆ ಮಾಡಿಸಿ ಎಂದು ಅದೇ ಅರ್ಜಿಯಲ್ಲಿ ಕೇಳಿ.

ಒಂದು ಎಚ್ಚರ: ಅಂಗಡಿಯವನನ್ನು ಸಿಕ್ಕಿಸಲು ಮಗುವನ್ನು ದುಡ್ಡು ಕೊಟ್ಟು ಕಳಿಸಬೇಡಿ. ಯಾರೋ ಆ ಸಲಹೆ ಕೊಟ್ಟೇ ಕೊಡುತ್ತಾರೆ. ಅದು ನಾವು ನಿಲ್ಲಿಸಲು ಹೊರಟ ಕೆಲಸವೇ, ಮೇಲಾಗಿ ಆ ಮಗು ಊರಿನಲ್ಲಿ ಹಗೆ ಕಟ್ಟಿಕೊಳ್ಳುತ್ತದೆ.

ದೊಡ್ಡವರ ದೂರಿಗೆ ಕದಲದ ಕಚೇರಿ ಮಕ್ಕಳ ಗ್ರಾಮಸಭೆಯಲ್ಲಿ ಕದಲಿದ್ದುಂಟು. ವರ್ಷಕ್ಕೊಮ್ಮೆ ನಡೆಯುವ ಆ ಸಭೆಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, "ಟ್ಯೂಷನ್ ಮುಗಿಸಿ ಬರುವಾಗ ಆ ಅಂಗಡಿ ಮುಂದೆ ಕುಡಿದವರು ನಿಂತಿರುತ್ತಾರೆ, ನಮಗೆ ಭಯ ಆಗುತ್ತೆ" ಎಂದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ನಡಾವಳಿಯ ನಕಲು ಪಡೆದು ದೂರಿಗೆ ಲಗತ್ತಿಸಿ.

ಹೆಜ್ಜೆ 4: ಅಪ್ಪ ಅಮ್ಮಂದಿರ ಒಪ್ಪಂದ

ಇಡೀ ಕೆಲಸದಲ್ಲಿ ಅರ್ಧ ಶ್ರಮ ಇಲ್ಲಿಗೆ ಹಾಕಿ. ಹಾಗೇಕೆ ಎನ್ನುವುದಕ್ಕೆ ದೂರದ ಒಂದು ದೇಶದ ಉದಾಹರಣೆ ಕೊಡುತ್ತೇನೆ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15–16ರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ಕ್ಕೆ ಅದು 5ಕ್ಕೆ ಇಳಿಯಿತು. ಅವರು ಮಾಡಿದ್ದರಲ್ಲಿ ಮುಖ್ಯವಾದವು ಹೀಗಿವೆ: ಶಾಲೆ ಶಾಲೆಯಲ್ಲೂ ಮಕ್ಕಳನ್ನೇ ಕೇಳಿ ಸಮೀಕ್ಷೆ ಮಾಡಿದರು, ಪೋಷಕರು ಕೂಡಿ ಲಿಖಿತ ಒಪ್ಪಂದ ಮಾಡಿಕೊಂಡರು, ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಒಬ್ಬರೇ ಹೊರಗಿರಬಾರದು ಎಂದು ಕಾನೂನು ತಂದರು, ಆಟ–ಸಂಗೀತದ ತರಗತಿಗಳಿಗೆ ದುಡ್ಡು ಸುರಿದರು. ನಮ್ಮ ಹಳ್ಳಿಗೆ ಅದೆಲ್ಲ ಹಾಗೇ ಹೊಂದುವುದಿಲ್ಲ, ಆದರೆ ಪೋಷಕರ ಒಪ್ಪಂದಕ್ಕೆ ಒಂದು ಹಾಳೆ, ಒಂದು ಪೆನ್ನು ಬಿಟ್ಟರೆ ಇನ್ನೇನೂ ಬೇಡ.

ಸಭೆಯನ್ನು ಬೀದಿವಾರು ಮಾಡಿ, ಒಂದು ಸಲಕ್ಕೆ ಹದಿನೈದು ಮನೆ. ಶಾಲೆಗೆ ಕರೆದರೆ ಅಮ್ಮಂದಿರು ಮಾತ್ರ ಬರುತ್ತಾರೆ, ಅಪ್ಪಂದಿರು ಬರುವುದಿಲ್ಲ. ಅರಳಿಕಟ್ಟೆಯಲ್ಲಿ, ಡೇರಿಗೆ ಹಾಲು ಹಾಕಿದ ಮೇಲೆ ಇಟ್ಟುಕೊಂಡರೆ ಅವರೂ ಸಿಗುತ್ತಾರೆ. ನೀವು ಕುಡಿಯಬೇಡಿ ಎಂದು ಶುರು ಮಾಡಬೇಡಿ, ಅರ್ಧ ಜನ ಎದ್ದು ಹೋಗುತ್ತಾರೆ. ಚೀಟಿಯ ನಾಲ್ಕನೇ ಪ್ರಶ್ನೆಯ ಉತ್ತರ ಓದಿ, ಸುಮ್ಮನೆ ಕೂರಿ.

ನಮ್ಮ ಬೀದಿಯಲ್ಲಿ ಆ ಅಂಕಿ ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದಿನಾ ಕುಡಿಯುವ ಒಬ್ಬರು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ನಾನೂ ಕಳ್ಸಿದೀನಿ ಸಾ. ಅದ್ರಿಂದ ಏನಾಯ್ತದೆ ಅಂತ ತಿಳ್ಕಂಡಿರ್ಲಿಲ್ಲ. ಇನ್ಮೇಲೆ ನಾನೇ ಹೋಗಿ ತತ್ತೀನಿ" ಅಂದರು. ಆ ಸಂಜೆ ನಮಗೆ ಬೇಕಾಗಿದ್ದುದು ಅಷ್ಟೇ. ಒಪ್ಪಂದದ ಮೊದಲ ಸಾಲು ಅವರೇ ಹೇಳಿದಂತೆ ಬರೆದೆವು.

ನಮ್ಮ ಒಪ್ಪಂದದಲ್ಲಿರುವುದು:

- ಮದ್ಯ, ಬೀಡಿ, ಸಿಗರೇಟು, ಗುಟ್ಕಾ ತರಲು ಯಾವ ಮಗುವನ್ನೂ ಕಳಿಸುವುದಿಲ್ಲ, ನಮ್ಮದಾಗಲಿ ಬೇರೆಯವರದಾಗಲಿ.
- ಮದುವೆ, ಬೀಗರೂಟ, ಹೊಸತೊಡಕು, ಹುಟ್ಟುಹಬ್ಬ ಯಾವುದೇ ಇರಲಿ, ಮಕ್ಕಳಿಗೆ ಬಗ್ಗಿಸಿ ಕೊಡುವುದಿಲ್ಲ. "ಒಂದು ಗುಟುಕು ರುಚಿ ನೋಡಲಿ" ಅನ್ನುವುದೂ ಬೇಡ.
- ರಾತ್ರಿ ಎಂಟರ ಮೇಲೆ ಮಗು ಎಲ್ಲಿದೆ, ಯಾರ ಜೊತೆಗಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ.
- ನನ್ನ ಮಗ ಎಲ್ಲೋ ಕೂತು ಕುಡಿಯುವುದು ನೀವು ಕಂಡರೆ ನನಗೆ ಹೇಳಿ. ನಾನು ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ.

ಕೊನೆಯ ಸಾಲಿಗೆ ಸಹಿ ಹಾಕಿಸುವುದೇ ಕಷ್ಟ, ಏಕೆಂದರೆ ನಮ್ಮಲ್ಲಿ ಬೇರೆಯವರ ಮಕ್ಕಳ ವಿಷಯ ಎತ್ತಿದರೆ ಮನೆ ಮನೆಗೇ ಮಾತು ಬಿಡುತ್ತದೆ. ಅದಕ್ಕೇ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ.

ಸಹಿ ಹಾಕಿಸಲು ಒಳ್ಳೆಯ ದಿನ ಆಗಸ್ಟ್ 1. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಶಿವಯೋಗಿಗಳು ಹುಟ್ಟಿದ ಆ ದಿನವನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅವರು ಜೋಳಿಗೆ ಹಿಡಿದು ಊರೂರು ತಿರುಗಿ ದುಡ್ಡು ಕಾಸು ಕೇಳದೆ, ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದವರು.

ಗಂಡ ಕುಡಿಯುವ ಮನೆಯ ಅಮ್ಮಂದಿರು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತಾರೆ: "ಅವ್ರೇ ಹಿಂಗಿರ್ಬೇಕಾದ್ರೆ ನಾನ್ ಮಗನಿಗೆ ಏನ್ ಹೇಳ್ಲಿ ಅಕ್ಕ?" ಹೇಳುವುದಕ್ಕಿದೆ. ಅಪ್ಪನನ್ನು ಹೀಗಳೆಯದೆ, ಅವರು ಬಿಡಲಾಗದೆ ಒದ್ದಾಡುತ್ತಿದ್ದಾರೆ, ನೀನು ಶುರುವೇ ಮಾಡಬೇಡ ಎಂದು ನೇರವಾಗಿ ಹೇಳಬಹುದು. ಅಮೆರಿಕದ ಒಂದು ರಾಷ್ಟ್ರೀಯ ಸಮೀಕ್ಷೆಯಲ್ಲಿ, 15 ತುಂಬುವ ಮುಂಚೆ ಕುಡಿತ ಶುರು ಮಾಡಿದವರು ಚಟಕ್ಕೆ ಬೀಳುವ ಸಾಧ್ಯತೆ 20ರ ಮೇಲೆ ಶುರು ಮಾಡಿದವರ ನಾಲ್ಕರಷ್ಟು ಕಂಡಿತ್ತು. ಒಂದೊಂದು ವರ್ಷ ಮುಂದೂಡಿದರೂ ಲಾಭವೇ ಎಂದು ಆ ತಾಯಿಗೆ ತಿಳಿಯಬೇಕು.

ಹೆಜ್ಜೆ 5: ಈಗ ತರಗತಿಗೆ ಹೋಗಿ

ಹೆದರಿಸುವ ಚಿತ್ರ, ಒಂದು ದಿನದ ಭಾಷಣ, ಸಾಮೂಹಿಕ ಪ್ರತಿಜ್ಞೆ ಇವುಗಳಿಂದ ಕುಡಿತ ಕಡಿಮೆಯಾಗುವುದಿಲ್ಲ ಎನ್ನುವುದು ಲೋಕದ ಬೇರೆ ಬೇರೆ ಕಡೆಯ ಅನುಭವ. ಹದಿನಾಲ್ಕರ ಹುಡುಗನಿಗೆ ನಲವತ್ತರಲ್ಲಿ ಹಾಳಾಗುವ ಲಿವರ್ ಇನ್ನೊಬ್ಬರದ್ದು. ಅವನಿಗಿರುವ ಭಯವೇ ಬೇರೆ: ಇಂದು ಸಂಜೆ ಬೇಡ ಅಂದರೆ ಗೆಳೆಯರು ಏನಂತಾರೆ. ಪಾಠ ಅಲ್ಲಿಂದ ಶುರುವಾಗಬೇಕು. ವಾರಕ್ಕೊಂದರಂತೆ ಐದಾರು ಅವಧಿ, ಒಂದೊಂದು ನಲವತ್ತು ನಿಮಿಷ ಸಿಕ್ಕರೆ ಸಾಕು.

ಮೊದಲ ದಿನ ಚೀಟಿಯ ಐದನೇ ಪ್ರಶ್ನೆಗೆ ಬನ್ನಿ. ತಮ್ಮ ವಯಸ್ಸಿನವರಲ್ಲಿ ಕುಡಿಯುವವರು ನಿಜಕ್ಕೂ ಇರುವುದಕ್ಕಿಂತ ಹೆಚ್ಚೆಂದೇ ಮಕ್ಕಳು ಅಂದುಕೊಂಡಿರುತ್ತಾರೆ. ಮೊದಲನೆಯ ಪ್ರಶ್ನೆಯ ನಿಜವಾದ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. "ಎಲ್ಲರೂ ಕುಡೀತಾರೆ" ಅನ್ನುವ ಮಾತು ಬೋರ್ಡಿನ ಮೇಲೆಯೇ ಬಿದ್ದುಹೋಗುತ್ತದೆ. ದೊಡ್ಡವರನ್ನೂ ಸೇರಿಸಿ ಇಡೀ ದೇಶವನ್ನು ತೆಗೆದುಕೊಂಡರೂ ಅಷ್ಟೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 14.6. ಉಳಿದ 85 ಜನ ಕುಡಿಯುವುದಿಲ್ಲ.

ಎರಡನೇ ದಿನ ಲೆಕ್ಕ ಮಾಡಿಸಿ. "ಬಿಯರ್ ಅಂದ್ರೆ ಜ್ಯೂಸ್ ಇದ್ದಂಗೆ, ಅದ್ರಲ್ಲಿ ಏನೂ ಇರಲ್ಲ" ಅನ್ನುವುದು ಹುಡುಗರ ಬಾಯಲ್ಲಿ ಸಾಮಾನ್ಯ. 650 ಎಂಎಲ್ ಸ್ಟ್ರಾಂಗ್ ಬಿಯರಿನಲ್ಲಿ ಶೇ 8ರಷ್ಟು ಆಲ್ಕೋಹಾಲ್ ಇದ್ದರೆ ಒಟ್ಟು ಎಷ್ಟು? 52 ಎಂಎಲ್. ಶೇ 42.8 ಇರುವ 90 ಎಂಎಲ್ ವಿಸ್ಕಿಯಲ್ಲಿ? ಸುಮಾರು 38.5. ಮಕ್ಕಳೇ ಗುಣಿಸಿ ಉತ್ತರ ತೆಗೆಯಲಿ. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಒಬ್ಬ ಎರಡು ಸಲ ಲೆಕ್ಕ ಮಾಡಿ, "ಸಾರ್, ಬಿಯರ್ರೇ ಜಾಸ್ತಿ ಬರ್ತಿದೆ, ತಪ್ಪಾಗಿದ್ಯಾ?" ಎಂದು ಕೇಳಿದ. ತಪ್ಪಾಗಿರಲಿಲ್ಲ.

ಮೂರು ಮತ್ತು ನಾಲ್ಕನೇ ಅವಧಿ ಅಭಿನಯಕ್ಕೆ. ಮಕ್ಕಳೇ ಸನ್ನಿವೇಶ ಬರೆಯಲಿ: ಗಣಪತಿ ಬಿಡುವ ರಾತ್ರಿ ಡಿಜೆ ಮುಂದೆ, ಕ್ರಿಕೆಟ್ ಗೆದ್ದ ಮೇಲೆ, ಅಣ್ಣನ ಮದುವೆಯ ಹಿಂದಿನ ದಿನ. ಒಬ್ಬ ಒತ್ತಾಯ ಮಾಡುವವನು, ಒಬ್ಬ ಬೇಡವೆನ್ನುವವನು. "ಗಂಡ್ಸಾ ನೀನು?" ಎಂದಾಗ ಏನು ಹೇಳುವುದು? ಮಕ್ಕಳು ಕಟ್ಟುವ ಉತ್ತರಗಳು ನಮ್ಮ ಬುದ್ಧಿವಾದಕ್ಕಿಂತ ಚೆನ್ನಾಗಿರುತ್ತವೆ: "ನಾಳೆ ಬೆಳಿಗ್ಗೆ ಸೆಲೆಕ್ಷನ್ ಇದೆ ಮಚ್ಚಾ", "ನಮ್ಮಮ್ಮ ಬಾಗ್ಲಲ್ಲೇ ಬಾಯಿ ಮೂಸ್ತಾಳೆ", ಅಥವಾ ಏನೂ ಹೇಳದೆ ಲೋಟಕ್ಕೆ ನೀರು ತುಂಬಿಕೊಂಡು ಜೊತೆಯಲ್ಲೇ ಕೂರುವುದು. ಆ ಮಾತುಗಳನ್ನು ಬಾಯಿಗೆ ಬರುವವರೆಗೆ ಆಡಿಸಿ. ಅಭ್ಯಾಸವಾಗದ ಮಾತು ಬೇಕಾದ ಹೊತ್ತಿಗೆ ಬರುವುದಿಲ್ಲ.

ಐದನೆಯದರಲ್ಲಿ ಕುಡಿದವರ ಬೈಕ್ ಹತ್ತದಿರುವುದು, ಮನೆಯಲ್ಲಿ ಗಲಾಟೆಯಾದರೆ ಯಾರಿಗೆ ಫೋನ್ ಮಾಡುವುದು, ಇವು ಬರಲಿ. 1098 ಮಕ್ಕಳ ಸಹಾಯವಾಣಿ ಎಂದು ಪುಸ್ತಕದ ಹಿಂದೆ ಬರೆಸಿ. ಕುಡಿಯುವ ಅಪ್ಪನ ಮಕ್ಕಳು ಅದೇ ತರಗತಿಯಲ್ಲಿ ತಲೆತಗ್ಗಿಸಿ ಕೂತಿರುತ್ತಾರೆ, ಅವರ ಕಡೆ ಯಾರ ಕಣ್ಣೂ ತಿರುಗದಂತೆ ಮಾತಾಡಿ.

ಹೆಜ್ಜೆ 6: ಶಾಲೆ ಬಿಟ್ಟವರನ್ನು ಬಿಡಬೇಡಿ, ಸಂಜೆಯನ್ನು ಖಾಲಿ ಬಿಡಬೇಡಿ

ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾಗಿ ಗ್ಯಾರೇಜು, ಹೋಟೆಲ್ಲು, ಗಾರೆ ಕೆಲಸಕ್ಕೆ ಹೋದ ಹುಡುಗರು ಯಾವ ಶಾಲಾ ಕಾರ್ಯಕ್ರಮದಲ್ಲೂ ಸಿಗುವುದಿಲ್ಲ. ಕೈಯಲ್ಲಿ ದಿನಗೂಲಿ, ಸುತ್ತ ಕುಡಿಯುವ ದೊಡ್ಡವರು. ನನಗೆ ಹೆಚ್ಚು ಸಂಕಟವಾಗುವುದು ಇವರ ವಿಷಯದಲ್ಲೇ. ಮೇಸ್ತ್ರಿಗಳ ಹತ್ತಿರ, ಗ್ಯಾರೇಜ್ ಮಾಲೀಕರ ಹತ್ತಿರ ಹೋಗಿ, ಶನಿವಾರದ ಬಟವಾಡೆಯ ಪಾರ್ಟಿಗೆ ಈ ಹುಡುಗರನ್ನು ಕೂರಿಸಿಕೊಳ್ಳಬೇಡಿ ಎಂದು ಕೇಳಿ. ಕಬಡ್ಡಿ, ವಾಲಿಬಾಲ್ ತಂಡಕ್ಕೆ ಮೊದಲು ಇವರನ್ನೇ ಕರೆಯಿರಿ.

ಸಂಜೆ ಐದರಿಂದ ಒಂಬತ್ತರವರೆಗೆ ಹುಡುಗರಿಗೆ ಹೋಗಲು ಜಾಗ ಬೇಕು. ಮೈದಾನಕ್ಕೆ ಎರಡು ದೀಪ, ಒಂದು ನೆಟ್, ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ರಾತ್ರಿ ಎಂಟರವರೆಗೆ ತೆರೆದಿರುವುದು, ಇಷ್ಟನ್ನು ಗ್ರಾಮಸಭೆಯಲ್ಲಿ ಕೇಳಿ ಪಡೆಯಿರಿ. ಹೊಂಗೆ ಮರದ ಕಡೆಗೆ ಒಂದು ಬೀದಿದೀಪ ಹಾಕಿಸಿದ್ದು ನಮ್ಮ ಅತಿ ಅಗ್ಗದ, ಅತಿ ಉಪಯೋಗದ ಕೆಲಸ.

ಹೆಜ್ಜೆ 7: ಪಂಚಾಂಗ ಮುಂದಿಟ್ಟುಕೊಂಡು ಯೋಜನೆ ಮಾಡಿ

ಮೊದಲ ಗುಟುಕು ಬೀಳುವುದು ಹೆಚ್ಚಾಗಿ ಮಾಮೂಲಿ ದಿನದಲ್ಲಲ್ಲ. ಹೊಸತೊಡಕು, ಊರ ಜಾತ್ರೆ, ಗಣಪತಿ ವಿಸರ್ಜನೆ, ಡಿಸೆಂಬರ್ 31, ಪರೀಕ್ಷೆ ಮುಗಿದ ದಿನ, ಎಲ್ಲಕ್ಕಿಂತ ಮುಖ್ಯವಾಗಿ ಪಂಚಾಯಿತಿ ಚುನಾವಣೆ. ಪ್ರತಿಯೊಂದಕ್ಕೂ ಹದಿನೈದು ದಿನ ಮುಂಚೆ ಸಂಬಂಧಪಟ್ಟವರನ್ನು ಕಾಣಿ. ಗಣಪತಿ ಸಮಿತಿಯವರಿಗೆ ಚಂದಾ ಕೊಡುವಾಗಲೇ "ಮೆರವಣಿಗೆಯಲ್ಲಿ ಹುಡುಗರಿಗೆ ಕುಡಿಸಲ್ಲ" ಅನ್ನುವ ಮಾತು ತೆಗೆದುಕೊಳ್ಳಿ. ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳ ಮನೆಗೂ ಹೆಣ್ಣುಮಕ್ಕಳೇ ಹೋಗಿ ಕೇಳಲಿ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದ ಸಾವಿರಾರು ಹೆಂಗಸರ ನಾಡು ಇದು. ಅವರು ಬಾಗಿಲಿಗೆ ಬಂದು ನಿಂತರೆ ಇಲ್ಲ ಎನ್ನುವುದು ಸುಲಭವಲ್ಲ.

ಹೆಜ್ಜೆ 8: ಮಗು ಕುಡಿದು ಸಿಕ್ಕಿದಾಗ

ಎಚ್ಚರವಿಲ್ಲದಿದ್ದರೆ, ಉಸಿರು ನಿಧಾನವಾಗಿದ್ದರೆ, ಮೈ ತಣ್ಣಗಿದ್ದರೆ ತಕ್ಷಣ 108. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಬಾರದು. ಮಜ್ಜಿಗೆ, ನಿಂಬೆರಸ, ಕಾಫಿ ಕುಡಿಸಬೇಡಿ, ವಾಂತಿ ಮಾಡಿಸಬೇಡಿ, ತಲೆಗೆ ನೀರು ಸುರಿಯಬೇಡಿ, ಒಬ್ಬನನ್ನೇ ಮಲಗಲು ಬಿಡಬೇಡಿ.

ಎಚ್ಚರವಿದ್ದರೆ ಆ ರಾತ್ರಿ ಬೈಗುಳ, ಹೊಡೆತ ಬೇಡ. ಮಾತು ಮಾರನೇ ದಿನಕ್ಕಿರಲಿ: ಯಾರು ಕೊಟ್ಟರು, ಎಷ್ಟನೇ ಸಲ, ಯಾಕೆ ಬೇಕೆನಿಸಿತು. ಶಾಲೆ ಟಿಸಿ ಕೊಟ್ಟು ಕಳಿಸುವುದಂತೂ ಆಗಲೇಬಾರದು. ಶಾಲೆಯಿಂದ ಹೊರಬಿದ್ದ ಹುಡುಗ ನೇರ ಆರನೇ ಹೆಜ್ಜೆಯ ಗುಂಪಿಗೆ ಸೇರುತ್ತಾನೆ. ಮತ್ತೆ ಮತ್ತೆ ಆಗುತ್ತಿದ್ದರೆ ಸರ್ಕಾರಿ ಆಸ್ಪತ್ರೆಯ ಹದಿಹರೆಯದವರ ಸ್ನೇಹ ಕ್ಲಿನಿಕ್‌ಗೆ, ಅಲ್ಲಿಂದ ಬೇಕಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಫೋನಿನಲ್ಲೇ ಮಾತಾಡಲು ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವೇ ಇದೆ.

"ಕುಡಿತ ಬಿಡಿಸುವ ಪುಡಿ, ಗೊತ್ತಾಗದಂತೆ ಸಾರಿಗೆ ಹಾಕಿ" ಎಂಬ ಗೋಡೆ ಜಾಹೀರಾತು ನೋಡಿ ತಂದು ಹಾಕುವವರಿದ್ದಾರೆ. ಮದ್ಯದ ಜೊತೆ ಸೇರಿ ಜೀವಕ್ಕೇ ಕುತ್ತು ತರುವ ಔಷಧ ಅದರಲ್ಲಿರಬಹುದು. ದೊಡ್ಡವರಿಗೂ ಹಾಕಬೇಡಿ, ಮಕ್ಕಳಿಗಂತೂ ಬೇಡವೇ ಬೇಡ.

ಹೆಜ್ಜೆ 9: ವರ್ಷಕ್ಕೊಮ್ಮೆ ಮತ್ತೆ ಎಣಿಸಿ

ಅದೇ ತಿಂಗಳಲ್ಲಿ, ಅದೇ ಐದು ಪ್ರಶ್ನೆ, ಅದೇ ಡಬ್ಬಿ. ಮೊದಲ ವರ್ಷ "ಕುಡಿದಿದ್ದೀಯಾ" ಎನ್ನುವ ಅಂಕಿ ಅಷ್ಟಾಗಿ ಇಳಿಯದಿದ್ದರೆ ಎದೆಗುಂದಬೇಡಿ. ಮೊದಲು ಇಳಿಯಬೇಕಾದದ್ದು "ತರಲು ಕಳಿಸಿದ್ದಾರಾ" ಎನ್ನುವುದು. ಅದು ಇಳಿಯದಿದ್ದರೆ ಮತ್ತೆ ನಾಲ್ಕನೇ ಹೆಜ್ಜೆಗೆ ಹೋಗಿ, ಬಿಟ್ಟುಹೋದ ಬೀದಿ ಯಾವುದೆಂದು ನೋಡಿ.

ಮರದ ಬುಡದ ಎಣಿಕೆಗೆ ಬೇಕಾದದ್ದು ಒಂದು ಗೋಣಿಚೀಲ, ಒಂದು ಜೊತೆ ಗ್ಲೌಸು, ಮೊದಲ ಹೆಜ್ಜೆಯ ಅದೇ ನೋಟ್ ಪುಸ್ತಕ. ಸೋಮವಾರ ಬೆಳಿಗ್ಗೆ ಎಂಟರೊಳಗೆ ಹೋಗಿ, ಕಸ ಗುಡಿಸುವವರು ಬರುವ ಮುಂಚೆ. ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ.